ನೀಲಿ ತೆರೆಯ ಮುಂದೆ

ತಾನು ಇಲ್ಲದ ಕಡೆಯಲ್ಲಿ ತಾನು ಇರುವಂತೆ ಕಾಣಬೇಕೆಂಬ ಆಸೆ ಮನುಷ್ಯನಿಗೆ ಬಹು ಹಿಂದಿನಿಂದಲೂ ಉಂಟು. ಕನ್ನಡನಾಡಿನ ಜಾತ್ರೆಗಳಲ್ಲಿ ಡೇರೆ ಹಾಕುತ್ತಿದ್ದ ಛಾಯಾಚಿತ್ರಗಾರರು ಈ ಆಸೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವರ ಡೇರೆಯ ಹಿಂಬದಿಯಲ್ಲಿ ಬಣ್ಣ ಬಳಿದ ಪರದೆಯೊಂದು ತೂಗುತ್ತಿತ್ತು. ಅದರಲ್ಲಿ ಅರಮನೆಯೋ, ಕಾರಂಜಿಯೋ, ಹಾರುವ ವಿಮಾನವೋ ಇರುತ್ತಿತ್ತು. ಹೊಲದಿಂದ ಬಂದ ರೈತನು ಅದರ ಮುಂದೆ ನಿಂತು ಅರೆಗಳಿಗೆಯ ಮಟ್ಟಿಗೆ ವಿಮಾನದ ಪ್ರಯಾಣಿಕನಾಗುತ್ತಿದ್ದನು. ವೃತ್ತಿನಾಟಕ ಕಂಪನಿಗಳು ಕಾಡಿನ ಪರದೆ, ಬೀದಿಯ ಪರದೆ, ದರ್ಬಾರಿನ ಪರದೆ ಎಂದು ಬಗೆಬಗೆಯ ಪರದೆಗಳನ್ನು ಇಟ್ಟುಕೊಂಡಿದ್ದುದೂ ಇದೇ ಉದ್ದೇಶಕ್ಕಾಗಿಯೇ. ಹಿಂದಿನ ಪರದೆ ಬದಲಾದರೆ ಮುಂದೆ ನಿಂತವನ ಲೋಕವೇ ಬದಲಾಗುತ್ತದೆ.

ಇಂದು ವಸ್ತುಸಂಗ್ರಹಾಲಯಗಳಲ್ಲಿಯೂ ವಿಜ್ಞಾನ ಪ್ರದರ್ಶನಗಳಲ್ಲಿಯೂ ಕಾಣಸಿಗುವ ಒಂದು ಏರ್ಪಾಡು ಆ ಬಣ್ಣದ ಪರದೆಯ ಮೊಮ್ಮಗನೆಂದೇ ಹೇಳಬಹುದು. ಇಲ್ಲಿ ಪರದೆಯ ಮೇಲೆ ಚಿತ್ರವೇ ಇಲ್ಲ. ಅದು ಬರಿಯ ನೀಲಿಯ ಅಥವಾ ಹಸಿರಿನ ಬಟ್ಟೆ. ಪ್ರೇಕ್ಷಕನು ಅದರ ಮುಂದೆ ನಿಂತಾಗ, ಎದುರಿಗಿರುವ ಟೆಲಿವಿಷನ್ ತೆರೆಯಲ್ಲಿ ಯಾವುದೋ ಚಲನಚಿತ್ರದ ದೃಶ್ಯ ಓಡುತ್ತಿರುತ್ತದೆ. ಆ ದೃಶ್ಯದ ನಡುವೆ ಅವನೂ ನಿಂತಿರುತ್ತಾನೆ. ಅವನು ಕೈಯೆತ್ತಿದರೆ ಚಿತ್ರದೊಳಗಿನ ಅವನೂ ಕೈಯೆತ್ತುತ್ತಾನೆ. ಮುಂಬಯಿಯಲ್ಲಿ 2019ರ ಜನವರಿ 19ರಂದು ಉದ್ಘಾಟನೆಗೊಂಡ ಭಾರತೀಯ ಚಲನಚಿತ್ರದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮಕ್ಕಳ ವಿಭಾಗದಲ್ಲಿ ಇಂಥ ಒಂದು ಕ್ರೋಮಾ ಸ್ಟುಡಿಯೋವನ್ನು ಏರ್ಪಡಿಸಲಾಯಿತು. ನೋಡುವವರಿಗೆ ಇದು ಮಾಯೆಯಂತೆ ತೋರಿದರೂ ಇದರ ಹಿಂದಿರುವುದು ಸರಳವಾದ ಒಂದು ಉಪಾಯ ಮತ್ತು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲ ಒಂದು ಲೆಕ್ಕ.

ಈ ಉಪಾಯ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಚಲನಚಿತ್ರವು ಇನ್ನೂ ಶೈಶವದಲ್ಲಿದ್ದಾಗಲೇ, 1898ರಲ್ಲಿ, ಫ್ರಾನ್ಸಿನ ಜಾರ್ಜ್ ಮೆಲಿಯೆ ಎಂಬ ಐಂದ್ರಜಾಲಿಕನು ತನ್ನ ತಲೆಯನ್ನು ತಾನೇ ಕಿತ್ತು ಮೇಜಿನ ಮೇಲಿಡುವಂತೆ ಚಿತ್ರಿಸಿ ಜನರನ್ನು ಬೆರಗುಗೊಳಿಸಿದನು. ಅವನ ಗುಟ್ಟು ಕಪ್ಪು ಹಿನ್ನೆಲೆಯಲ್ಲಿತ್ತು. ಕಪ್ಪು ಬಟ್ಟೆಯಿಂದ ಬೆಳಕು ಬಾರದು. ಬೆಳಕು ಬೀಳದ ಕಡೆಯಲ್ಲಿ ಫಿಲ್ಮು ಹಾಗೆಯೇ ಉಳಿಯುತ್ತದೆ. ಆ ಫಿಲ್ಮನ್ನೇ ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಓಡಿಸಿದರೆ, ಖಾಲಿ ಉಳಿದ ಜಾಗದಲ್ಲಿ ಎರಡನೆಯ ಬಿಂಬವನ್ನು ಮೂಡಿಸಬಹುದು.

ಕನ್ನಡ ಚಿತ್ರಗಳಲ್ಲಿ ಒಬ್ಬನೇ ನಟ ಎರಡು ಪಾತ್ರಗಳಲ್ಲಿ ಕಾಣಿಸಿಕೊಂಡುದಕ್ಕೂ ಈ ಉಪಾಯಕ್ಕೂ ನಂಟಿದೆ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ‘ಬಭ್ರುವಾಹನ’ ಚಿತ್ರ 1977ರಲ್ಲಿ ತೆರೆಕಂಡಿತು. ಅದರಲ್ಲಿ ತಂದೆಯಾದ ಅರ್ಜುನನೂ ಮಗನಾದ ಬಭ್ರುವಾಹನನೂ ರಾಜ್‌ಕುಮಾರರೇ. ಇಂಥ ದ್ವಿಪಾತ್ರದ ದೃಶ್ಯಗಳಿಗೆ ಆ ಕಾಲದಲ್ಲಿ ರೂಢಿಯಲ್ಲಿದ್ದ ಕ್ರಮವೆಂದರೆ, ಕ್ಯಾಮರಾವನ್ನು ಅಲುಗದಂತೆ ನಿಲ್ಲಿಸಿ, ಮಸೂರದ ಅರ್ಧ ಭಾಗವನ್ನು ಮುಚ್ಚಿ ಒಂದು ಪಾತ್ರವನ್ನು ಚಿತ್ರಿಸುವುದು. ಬಳಿಕ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದರ್ಧವನ್ನು ಮುಚ್ಚಿ, ವೇಷ ಬದಲಿಸಿದ ಅದೇ ನಟನನ್ನು ಮತ್ತೊಮ್ಮೆ ಚಿತ್ರಿಸುವುದು. ಈ ಮುಚ್ಚಳಕ್ಕೆ ಮುಸುಕು ಎಂದು ಹೆಸರಿಡಬಹುದು. ಆದರೆ ಇದಕ್ಕೊಂದು ಮಿತಿಯಿದೆ. ನಡುವೆ ಕಾಣದ ಗೆರೆಯೊಂದು ಇದ್ದೇ ಇರುತ್ತದೆ. ನಟನ ಕೈ ಆ ಗೆರೆಯನ್ನು ದಾಟಿತೆಂದರೆ ಕತ್ತರಿಸಿಹೋಗುತ್ತದೆ.

ನಟನು ಮನಸ್ಸು ಬಂದಂತೆ ಓಡಾಡಬೇಕಾದರೆ ಮುಸುಕೂ ಅವನೊಡನೆ ಓಡಾಡಬೇಕು. ಅವನ ಮೈಯ ಅಂಚನ್ನೇ ಅನುಸರಿಸುತ್ತ, ಕ್ಷಣಕ್ಷಣಕ್ಕೂ ಆಕಾರ ಬದಲಿಸುವ ಮುಸುಕು ಬೇಕು. ಅಮೆರಿಕದ ಫ್ರಾಂಕ್ ವಿಲಿಯಮ್ಸ್ ಎಂಬ ಛಾಯಾಗ್ರಾಹಕನು ಇಂಥ ಚಲಿಸುವ ಮುಸುಕಿನ ಒಂದು ಕ್ರಮಕ್ಕೆ 1918ರಲ್ಲಿ ಹಕ್ಕುಪತ್ರ ಪಡೆದನು. ಕಪ್ಪು ಬಿಳುಪಿನ ಚಿತ್ರಗಳಿಗೆ ಅದು ಸಾಕಾಗಿತ್ತು. ವರ್ಣಚಿತ್ರಗಳು ಬಂದಾಗ ಮತ್ತೆ ಹೊಸ ದಾರಿ ಹುಡುಕಬೇಕಾಯಿತು. ಆ ದಾರಿ ದೊರೆತ ಕಥೆಯಲ್ಲಿ ಕನ್ನಡನಾಡಿನ ಒಬ್ಬ ಬಾಲಕನಿಗೆ ಮುಖ್ಯವಾದ ಸ್ಥಾನವಿದೆ.

ಮೈಸೂರು ಸೀಮೆಯ ಹೆಗ್ಗಡದೇವನಕೋಟೆಯ ಕಡೆ, ಕಬಿನಿ ಹೊಳೆಯ ಬಳಿ, ಕಾರಾಪುರವೆಂಬ ಊರಿದೆ. ಸಾಬು ಎಂಬ ಹುಡುಗನು 1924ರಲ್ಲಿ ಅಲ್ಲಿ ಹುಟ್ಟಿದನು. ಅವನ ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಸಾಬುವಿಗೆ ಆನೆಲಾಯವೇ ಆಸರೆಯಾಯಿತು. ಅಮೆರಿಕದ ಪ್ರಸಿದ್ಧ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯು ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು ಮೈಸೂರಿಗೆ ಬಂದಾಗ ಈ ಹುಡುಗನು ಕಣ್ಣಿಗೆ ಬಿದ್ದನು. ಆನೆಯ ಮೇಲೆ ಸಲೀಸಾಗಿ ಕುಳಿತು, ಅಂಜಿಕೆಯಿಲ್ಲದೆ ಮಾತನಾಡುತ್ತಿದ್ದ ಸಾಬು ‘ಎಲಿಫೆಂಟ್ ಬಾಯ್’ ಚಿತ್ರದ ನಾಯಕನಾದನು. 1937ರಲ್ಲಿ ತೆರೆಗೆ ಬಂದ ಆ ಚಿತ್ರವನ್ನು ಮುಗಿಸಲು ಅವನನ್ನು ಇಂಗ್ಲೆಂಡಿಗೆ ಕರೆದೊಯ್ದರು. ಅಲ್ಲಿಂದ ಅವನ ಬದುಕಿನ ದಾರಿಯೇ ತಿರುಗಿತು.

ನಿರ್ಮಾಪಕ ಅಲೆಗ್ಸಾಂಡರ್ ಕೋರ್ಡಾ ಮುಂದೆ ‘ದಿ ಥೀಫ್ ಆಫ್ ಬಾಗ್ದಾದ್’ ಎಂಬ ಅದ್ಭುತ ಕಥೆಯ ವರ್ಣಚಿತ್ರವನ್ನು ಕೈಗೆತ್ತಿಕೊಂಡನು. ಇಂಗ್ಲೆಂಡಿನಲ್ಲಿ ಮೊದಲಾದ ಆ ಕೆಲಸ ಎರಡನೆಯ ಮಹಾಯುದ್ಧದ ಕಾರಣದಿಂದ ಹಾಲಿವುಡ್ಡಿಗೆ ಸ್ಥಳಾಂತರಗೊಂಡು 1940ರಲ್ಲಿ ಮುಗಿಯಿತು. ಅದರಲ್ಲಿ ಸಾಬು ಅಬು ಎಂಬ ಪುಟ್ಟ ಕಳ್ಳ. ಕಡಲ ತೀರದಲ್ಲಿ ಸಿಕ್ಕಿದ ಸೀಸೆಯ ಬಿರಟೆ ತೆಗೆದಾಗ, ಬೆಟ್ಟದಷ್ಟು ಎತ್ತರದ ಜಿನ್ನಿಯೊಂದು ಅದರಿಂದ ಹೊರಬಂದು ಅವನೆದುರು ನಿಲ್ಲುತ್ತದೆ. ಜಿನ್ನಿಯಾಗಿ ನಟಿಸಿದ ರೆಕ್ಸ್ ಇಂಗ್ರಾಮ್ ಎಲ್ಲರಂತೆ ಒಬ್ಬ ಮನುಷ್ಯನೇ. ಬೇರೆ ಬೇರೆಯಾಗಿ ಚಿತ್ರಿಸಿದ ಇಬ್ಬರನ್ನು ಒಂದೇ ಚೌಕಟ್ಟಿನಲ್ಲಿ, ಬೇರೆ ಬೇರೆ ಗಾತ್ರದಲ್ಲಿ, ಬಣ್ಣ ಕೆಡದಂತೆ ಕೂಡಿಸಬೇಕಾಗಿತ್ತು. ಆ ಹೊಣೆ ಲ್ಯಾರಿ ಬಟ್ಲರ್ ಎಂಬ ತಂತ್ರಜ್ಞನದು. ನೀಲಿ ತೆರೆಯನ್ನು ಬಳಸಿ ಅವನು ಅದನ್ನು ಸಾಧಿಸಿದನು. ಆ ವರ್ಷದ ವಿಶೇಷ ಪರಿಣಾಮಗಳ ಆಸ್ಕರ್ ಪ್ರಶಸ್ತಿ ಈ ಚಿತ್ರಕ್ಕೆ ದೊರೆಯಿತು.

ಬಟ್ಲರನ ಕ್ರಮವನ್ನು ತಿಳಿಯಲು ಅಂದಿನ ಟೆಕ್ನಿಕಲರ್ ಕ್ಯಾಮರಾದ ರೀತಿಯನ್ನು ತಿಳಿಯಬೇಕು. ಅದರಲ್ಲಿ ಒಂದಲ್ಲ, ಮೂರು ಫಿಲ್ಮುಗಳು ಒಟ್ಟಿಗೆ ಓಡುತ್ತಿದ್ದವು. ಒಂದು ಕೆಂಪು ಬೆಳಕನ್ನು, ಒಂದು ಹಸಿರನ್ನು, ಇನ್ನೊಂದು ನೀಲಿಯನ್ನು ಮಾತ್ರ ದಾಖಲಿಸುತ್ತಿತ್ತು. ಮೂರೂ ಕಪ್ಪು ಬಿಳುಪಿನವೇ. ನೀಲಿ ತೆರೆಯ ಮುಂದೆ ನಿಂತ ನಟನನ್ನು ಚಿತ್ರಿಸಿ, ಆ ಫಿಲ್ಮುಗಳಿಂದ ಪ್ರತಿ ತೆಗೆದಾಗ, ನೀಲಿಯ ಪ್ರತಿಯಲ್ಲಿ ತೆರೆ ಬೆಳ್ಳಗೆ ಹೊಳೆಯುತ್ತದೆ. ಕೆಂಪಿನ ಪ್ರತಿಯಲ್ಲಿ ಅದೇ ತೆರೆ ಕಪ್ಪಾಗಿ ಕಾಣುತ್ತದೆ. ನಟನ ಮೈ ಮಾತ್ರ ಎರಡರಲ್ಲಿಯೂ ಅಷ್ಟೊಂದು ಬದಲಾಗದು. ಈ ವ್ಯತ್ಯಾಸವೇ ಮುಸುಕಿನ ಮೂಲ. ಎರಡು ದಾಖಲೆಗಳನ್ನು ಒಂದರ ಮೇಲೊಂದಿಟ್ಟು ಮುದ್ರಿಸುತ್ತ, ನಟನ ಆಕಾರವಷ್ಟೇ ಕಪ್ಪಾಗಿ ಉಳಿದ ನೆರಳುಚಿತ್ರವನ್ನೂ, ಅದಕ್ಕೆ ವಿರುದ್ಧವಾದ ಇನ್ನೊಂದನ್ನೂ ಪಡೆಯಬಹುದು. ಮೊದಲನೆಯದನ್ನು ಇಟ್ಟು ಹಿನ್ನೆಲೆಯನ್ನು ಮುದ್ರಿಸಿದರೆ ನಟನಿಗೆ ಸರಿಯಾಗುವ ಖಾಲಿ ಜಾಗ ಉಳಿಯುತ್ತದೆ. ಎರಡನೆಯದನ್ನು ಇಟ್ಟು ನಟನನ್ನು ಮುದ್ರಿಸಿದರೆ ಆ ಜಾಗ ತುಂಬುತ್ತದೆ. ಹೇಳಲು ಸುಲಭವಾದ ಈ ಕೆಲಸವನ್ನು ಪ್ರತಿಯೊಂದು ಚೌಕಟ್ಟಿಗೂ ಮಾಡಬೇಕಿತ್ತು. ಒಂದು ಸೆಕೆಂಡಿನ ಚಿತ್ರಕ್ಕೆ 24 ಚೌಕಟ್ಟುಗಳು.

ಆರಂಭದ ನೀಲಿ ತೆರೆಯ ಚಿತ್ರಗಳಲ್ಲಿ ನಟರ ಸುತ್ತ ತೆಳ್ಳನೆಯ ನೀಲಿ ಅಂಚೊಂದು ಉಳಿಯುತ್ತಿತ್ತು. ಕೂದಲು, ಹೊಗೆ, ಗಾಜು ಇವು ಸರಿಯಾಗಿ ಕೂಡುತ್ತಿರಲಿಲ್ಲ. ಪೆಟ್ರೋ ವ್ಲಾಹೋಸ್ ಎಂಬ ತಂತ್ರಜ್ಞನು 1950ರ ದಶಕದಲ್ಲಿ ‘ಬೆನ್‌ಹರ್’ ಚಿತ್ರಕ್ಕಾಗಿ ಬಣ್ಣಗಳ ವ್ಯತ್ಯಾಸವನ್ನು ಇನ್ನೂ ಸೂಕ್ಷ್ಮವಾಗಿ ಅಳೆಯುವ ಕ್ರಮವನ್ನು ರೂಪಿಸಿ ಈ ದೋಷವನ್ನು ಬಹುಮಟ್ಟಿಗೆ ನೀಗಿದನು. ಟೆಲಿವಿಷನ್ ಬಂದ ಮೇಲೆ ಫಿಲ್ಮಿನ ಕೆಲಸವನ್ನು ವಿದ್ಯುನ್ಮಾನ ಮಂಡಲಗಳು ವಹಿಸಿಕೊಂಡವು. ಹವಾಮಾನ ವಾರ್ತೆ ಓದುವವರ ಹಿಂದೆ ಮೋಡಗಳ ನಕ್ಷೆ ಚಲಿಸತೊಡಗಿತು. ಈಗ ಸಾಧಾರಣ ಗಣಕಯಂತ್ರವೊಂದೇ ಆ ಕೆಲಸವನ್ನು ಕಣ್ಣೆದುರಿನಲ್ಲಿಯೇ ಮಾಡುತ್ತದೆ. ಬಟ್ಲರನ ಕಾಲದಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದುದು ಈಗ ಕ್ಷಣಾರ್ಧದಲ್ಲಿ ಆಗುವುದರಿಂದಲೇ ಪ್ರೇಕ್ಷಕನು ಚಿತ್ರದೊಳಗೆ ಹೊಕ್ಕು ಆಡುವುದು ಸಾಧ್ಯವಾಗಿದೆ.

ಇಂಥ ಏರ್ಪಾಡನ್ನು ಕಟ್ಟುವ ಬಗೆಯನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಕನಕಪುರ ರಸ್ತೆಗೂ ಉತ್ತರಹಳ್ಳಿಗೂ ನಡುವೆ ವಸಂತಪುರವಿದೆ. ಹಿಂದೆ ಹಳ್ಳಿಯಾಗಿದ್ದು ಈಗ ನಗರದಲ್ಲಿ ಸೇರಿಹೋಗಿರುವ ಆ ಊರಿನ ಗುಡ್ಡದ ಮೇಲೆ ವಸಂತವಲ್ಲಭರಾಯನ ಹಳೆಯ ದೇವಾಲಯವಿದೆ. ಅಲ್ಲಿನ ಒಂದು ಶಾಲೆಯ ವಿದ್ಯಾರ್ಥಿಗಳು ವಾರ್ಷಿಕೋತ್ಸವದ ಪ್ರದರ್ಶನಕ್ಕೆ ಇದನ್ನು ಕಟ್ಟಬಯಸಿದರೆಂದು ಇಟ್ಟುಕೊಳ್ಳಬಹುದು. ಅವರಿಗೆ ಬೇಕಾದುದು ಸುಮಾರು 9 ಮೀಟರ್ ಉದ್ದದ ಒಂದು ಕೋಣೆ, ಹೊಳಪಿಲ್ಲದ ದಪ್ಪ ಬಟ್ಟೆ, ಐದು ದೀಪಗಳು, ಒಂದು ವಿಡಿಯೋ ಕ್ಯಾಮರಾ, ಒಂದು ಗಣಕಯಂತ್ರ, ಒಂದು ದೊಡ್ಡ ಟೆಲಿವಿಷನ್. ಬಟ್ಟೆ ಚಿಕ್ಕಪೇಟೆಯಲ್ಲಿ ದೊರೆಯುತ್ತದೆ. ತಂತಿ, ದೀಪ ಮೊದಲಾದುವು ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತವೆ.

ಮೊದಲ ಕೆಲಸ ಬಟ್ಟೆಯನ್ನು ಕಟ್ಟುವುದು. ಅದು 3 ಮೀಟರ್ ಅಗಲ, 3 ಮೀಟರ್ ಎತ್ತರವಾದರೂ ಇರಬೇಕು. ಇಡೀ ಮೈ ಕಾಣಬೇಕಾದರೆ ಬಟ್ಟೆಯು ಗೋಡೆಯಿಂದ ನೆಲದ ಮೇಲೆಯೂ ಹರಿದು ಬರಬೇಕು. ಗೋಡೆಯೂ ನೆಲವೂ ಸೇರುವ ಮೂಲೆಯಲ್ಲಿ ಅದು ಮಡಿಯದೆ ಬಾಗಿರಬೇಕು. ಎರಡು ದೀಪಗಳು ಎಡಬಲದಿಂದ ಬಟ್ಟೆಯನ್ನು ಮಾತ್ರ ಸಮನಾಗಿ ಬೆಳಗಬೇಕು. ಭಾಗವಹಿಸುವವನು ಬಟ್ಟೆಯಿಂದ 2 ಮೀಟರಿಗೂ ಹೆಚ್ಚು ಮುಂದೆ ನಿಲ್ಲಬೇಕು. ಹತ್ತಿರ ನಿಂತರೆ ಅವನ ನೆರಳು ಬಟ್ಟೆಯ ಮೇಲೆ ಬೀಳುತ್ತದೆ. ಬಟ್ಟೆಯ ನೀಲಿ ಬೆಳಕೂ ಅವನ ಕೆನ್ನೆ, ಹೆಗಲುಗಳ ಮೇಲೆ ಚಿಮ್ಮುತ್ತದೆ. ಉಳಿದ ಮೂರು ದೀಪಗಳು ಅವನಿಗಾಗಿ: ಒಂದು ಮುಂದಿನಿಂದ, ಒಂದು ಪಕ್ಕದಿಂದ, ಒಂದು ಹಿಂದಿನ ಎತ್ತರದಿಂದ.

ಬಟ್ಟೆಗೆ ನೀಲಿಯೇ ಏಕೆ ಬೇಕು? ಮನುಷ್ಯನ ಚರ್ಮ ಎಷ್ಟೇ ಕಪ್ಪಿರಲಿ, ಎಷ್ಟೇ ಬಿಳುಪಿರಲಿ, ಅದರಲ್ಲಿ ಕೆಂಪಿನ ಅಂಶ ಹೆಚ್ಚು, ನೀಲಿಯ ಅಂಶ ಕಡಿಮೆ. ಆದುದರಿಂದ ನೀಲಿಯ ನಡುವಿನಿಂದ ಮನುಷ್ಯನನ್ನು ಬೇರ್ಪಡಿಸುವುದು ಸುಲಭ. ಇಂದಿನ ಕ್ಯಾಮರಾಗಳಲ್ಲಿ ಮಾತ್ರ ಹಸಿರು ಬಟ್ಟೆಯೇ ಹೆಚ್ಚು ಬಳಕೆಯಲ್ಲಿದೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಹಕ್ಕುಪತ್ರ ಪಡೆದ ವಿನ್ಯಾಸದಂತೆ, ಕ್ಯಾಮರಾದ ಬೆಳಕು ಗ್ರಹಿಸುವ ಫಲಕದಲ್ಲಿ ಅರ್ಧದಷ್ಟು ಬಿಂದುಗಳು ಹಸಿರಿಗೆ ಮೀಸಲು. ಕೆಂಪಿಗೂ ನೀಲಿಗೂ ಕಾಲುಕಾಲು ಭಾಗ. ಹೀಗಾಗಿ ಹಸಿರಿನ ಅಂಚು ಹೆಚ್ಚು ಸ್ಪಷ್ಟ. ಆದರೂ ಆಯ್ಕೆ ಮಾಡುವಾಗ ಮುಂದೆ ಬಂದು ನಿಲ್ಲುವವರ ಉಡುಪನ್ನು ಮೊದಲು ನೋಡಬೇಕು. ನೀಲಿ ಸಮವಸ್ತ್ರದ ಶಾಲೆಯಲ್ಲಿ ನೀಲಿ ಬಟ್ಟೆ ಕಟ್ಟಿದರೆ, ಮಕ್ಕಳು ಕಾಲಿಲ್ಲದೆ ಗಾಳಿಯಲ್ಲಿ ತೇಲುವರು. ಹಸಿರು ಬಟ್ಟೆಯ ಮುಂದೆ ಹಸಿರು ರೇಷ್ಮೆ ಸೀರೆಯುಟ್ಟ ತಾಯಿ ನಿಂತರೆ, ತಲೆಯೂ ಕೈಗಳೂ ಮಾತ್ರ ಉಳಿದು, ಹಸಿರು ಬಳೆ ತೊಟ್ಟ ಮಣಿಕಟ್ಟು ತುಂಡಾಗಿ ಕಾಣುವುದು.

ಇನ್ನು ಲೆಕ್ಕದ ವಿಷಯ. ಗಣಕಯಂತ್ರಕ್ಕೆ ಚಿತ್ರವೆಂದರೆ ಬಿಂದುಗಳ ಸಾಲು. ಪ್ರತಿಯೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿಗಳ ಮೂರು ಅಂಕಿಗಳು. ಒಂದೊಂದೂ 0ಯಿಂದ 255ರವರೆಗೆ. ನೀಲಿ ಬಟ್ಟೆಯ ಒಂದು ಬಿಂದುವಿನಲ್ಲಿ ಕೆಂಪು 40, ಹಸಿರು 70, ನೀಲಿ 190 ಇವೆಯೆಂದಾಗಲಿ. ನೀಲಿಯಿಂದ ಉಳಿದೆರಡರಲ್ಲಿ ದೊಡ್ಡದಾದ 70ನ್ನು ಕಳೆದರೆ 120 ಉಳಿಯುತ್ತದೆ. ಕಂದು ಮೈಬಣ್ಣದ ಬಿಂದುವಿನಲ್ಲಿ ಕೆಂಪು 150, ಹಸಿರು 105, ನೀಲಿ 80 ಇದ್ದರೆ, 80ರಿಂದ 150ನ್ನು ಕಳೆದಾಗ ಸೊನ್ನೆಗಿಂತಲೂ 70 ಕಡಿಮೆ. ಬಿಳಿಯ ಅಂಗಿಯಲ್ಲಿ ಮೂರು ಅಂಕಿಗಳೂ ಹೆಚ್ಚು ಕಡಿಮೆ ಒಂದೇ ಆದುದರಿಂದ ಶೇಷವು ಸೊನ್ನೆಯ ಆಸುಪಾಸು. ಶೇಷವು 120 ಅಥವಾ ಹೆಚ್ಚಾದರೆ ಅದು ಬಟ್ಟೆ; 20 ಅಥವಾ ಕಡಿಮೆಯಾದರೆ ಅದು ಮನುಷ್ಯ ಎಂದು ಯಂತ್ರಕ್ಕೆ ಕಲಿಸಬೇಕು. ಬಟ್ಟೆಯೆಂದು ತೀರ್ಮಾನವಾದ ಕಡೆ ಯಂತ್ರವು ಚಲನಚಿತ್ರದ ಬಿಂದುವನ್ನು ಇಡುತ್ತದೆ. ಮನುಷ್ಯನೆಂದು ತೀರ್ಮಾನವಾದ ಕಡೆ ಕ್ಯಾಮರಾದ ಬಿಂದುವನ್ನು ಉಳಿಸುತ್ತದೆ.

ನಡುವಿನ ಅಂಕಿಗಳೇ ಈ ಕಲೆಯ ಜೀವ. ಕೂದಲಿನ ಅಂಚಿನ ಒಂದು ಬಿಂದುವಿನಲ್ಲಿ ಅರ್ಧ ಕಪ್ಪು ಕೂದಲು, ಅರ್ಧ ಬಟ್ಟೆ ಇರುತ್ತದೆ. ಅದರ ಅಂಕಿಗಳು 30, 45, 105 ಆದರೆ ಶೇಷ 60. ಇದು 120ರಿಂದ 60 ಕೆಳಗಿದೆ; 120ಕ್ಕೂ 20ಕ್ಕೂ ಇರುವ ಅಂತರ 100. ಆದುದರಿಂದ ಈ ಬಿಂದುವನ್ನು ನೂರರಲ್ಲಿ 60 ಪಾಲು ಮನುಷ್ಯ, 40 ಪಾಲು ಹಿನ್ನೆಲೆ ಎಂದು ಬೆರೆಸಬೇಕು. ಹೀಗೆ ಬೆರೆಸಿದಾಗಲೇ ಕೂದಲು ಕತ್ತರಿಯಿಂದ ಕತ್ತರಿಸಿದಂತೆ ಕಾಣದೆ ನವುರಾಗಿ ಕಾಣುತ್ತದೆ. ಆ ಬಿಂದುವಿನಲ್ಲಿ ಉಳಿದ ನೀಲಿ ಛಾಯೆಯನ್ನು ಕಳೆಯಲು, ನೀಲಿಯ 105ನ್ನು ಹಸಿರಿನ 45ಕ್ಕೆ ಇಳಿಸಬೇಕು. ಬಟ್ಟೆಯ ಸುಕ್ಕು ಏಕೆ ಕೂಡದೆಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. ಸುಕ್ಕಿನ ನೆರಳಿನಲ್ಲಿ ಅಂಕಿಗಳು 25, 45, 115ಕ್ಕೆ ಇಳಿದರೆ ಶೇಷ 70. ಯಂತ್ರವು ಅದನ್ನು ಅರ್ಧ ಮನುಷ್ಯನೆಂದು ಭಾವಿಸುತ್ತದೆ. ಆಕಾಶದ ನಡುವೆ ಕೊಳಕು ಕಲೆಯೊಂದು ಮೂಡುತ್ತದೆ. 1920 ಅಡ್ಡಬಿಂದು, 1080 ಉದ್ದಬಿಂದುಗಳ ಒಂದು ಚೌಕಟ್ಟಿನಲ್ಲಿ 20,73,600 ಬಿಂದುಗಳಿವೆ. ಸೆಕೆಂಡಿಗೆ 25 ಚೌಕಟ್ಟುಗಳಂತೆ ಈ ಲೆಕ್ಕವನ್ನು ಯಂತ್ರವು 5 ಕೋಟಿ 18 ಲಕ್ಷ 40 ಸಾವಿರ ಸಲ ಮಾಡುತ್ತದೆ. ಕಳೆಯುವ ಲೆಕ್ಕ ಒಂದನೆಯ ತರಗತಿಯದು. ವೇಗ ಮಾತ್ರ ಮನುಷ್ಯನಿಗೆ ನಿಲುಕದ್ದು.

ಹಿನ್ನೆಲೆಯ ದೃಶ್ಯವನ್ನು ಆರಿಸುವುದರಲ್ಲಿ ವಿವೇಕ ಬೇಕು. ಕ್ಯಾಮರಾ ಅಲುಗದೆ ನಿಂತಿರುವ, ಒಬ್ಬರು ನಿಲ್ಲುವಷ್ಟು ತೆರವಿರುವ ದೃಶ್ಯವೇ ಒಳ್ಳೆಯದು. ಮೂಲದೃಶ್ಯವನ್ನು ಎಷ್ಟು ಎತ್ತರದಿಂದ ಚಿತ್ರಿಸಿದ್ದಾರೋ ಕೋಣೆಯ ಕ್ಯಾಮರಾವೂ ಅಷ್ಟೇ ಎತ್ತರದಲ್ಲಿರಬೇಕು. ಅಲ್ಲಿ ಬಿಸಿಲು ಎಡದಿಂದ ಬಂದಿದ್ದರೆ ಇಲ್ಲಿ ದೀಪವೂ ಎಡದಿಂದಲೇ ಬರಬೇಕು. ಹಳೆಯ ಕಪ್ಪು ಬಿಳುಪಿನ ಚಿತ್ರವಾದರೆ ಭಾಗವಹಿಸುವವನನ್ನೂ ಕಪ್ಪು ಬಿಳುಪಾಗಿಸಿ, ಅಂಚನ್ನು ಸ್ವಲ್ಪ ಮಸುಕುಗೊಳಿಸಬೇಕು. ಮೂಲದೃಶ್ಯದ ಮುಂಭಾಗದಲ್ಲಿರುವ ಕಂಬವನ್ನೋ ಮರವನ್ನೋ ಮೊದಲೇ ಕತ್ತರಿಸಿ ಮೂರನೆಯ ಪದರವಾಗಿ ಇಟ್ಟುಕೊಂಡರೆ, ಹುಡುಗನು ಆ ಕಂಬದ ಹಿಂದೆ ಮರೆಯಾಗಿ ಮತ್ತೆ ಹೊರಬರಬಹುದು. ನೋಡುವವರಿಗೆ ನಂಬಿಕೆ ಹುಟ್ಟುವುದು ಇಂಥ ಸಣ್ಣ ಸಂಗತಿಗಳಿಂದ.

ದೃಶ್ಯಗಳು ಯಾರ ಸೊತ್ತೆಂಬುದನ್ನೂ ವಿಚಾರಿಸಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಲನಚಿತ್ರದ ಹಕ್ಕು, ಅದು ಪ್ರಕಟವಾದ ವರ್ಷದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. ರಾಜ್‌ಕುಮಾರರು ನಾಯಕರಾಗಿ ಬಂದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ 1954ರದು. ಆ ಲೆಕ್ಕದಂತೆ ಚಿತ್ರದ ಹಕ್ಕು 2014ರ ಕೊನೆಗೆ ಮುಗಿಯಿತು. ಹಾಡು, ಸಾಹಿತ್ಯಗಳ ಹಕ್ಕನ್ನು ಬೇರೆಯಾಗಿ ನೋಡಬೇಕಾಗುತ್ತದೆ. ಹಕ್ಕು ಮುಗಿದ ಮಾತ್ರಕ್ಕೆ ಚಿತ್ರ ಕೈಗೆ ಸಿಗುವುದೆಂದೂ ಹೇಳುವಂತಿಲ್ಲ. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಉಳಿದಿಲ್ಲ. ಅದರೊಳಗೆ ಹೋಗಿ ನಿಲ್ಲುವ ಭಾಗ್ಯ ಕನ್ನಡದ ಯಾವ ಮಗುವಿಗೂ ಇಲ್ಲ. ಕಾಪಾಡದ ಚಿತ್ರ ಯಾವ ತೆರೆಗೂ ಬಾರದು. ವಸಂತಪುರದ ಮಕ್ಕಳು ತಮ್ಮ ಗುಡ್ಡವನ್ನೂ ದೇವಾಲಯವನ್ನೂ ತಾವೇ ಚಿತ್ರಿಸಿ ಒಂದು ದೃಶ್ಯ ಮಾಡಿಕೊಂಡರೆ, ಯಾರ ಅಪ್ಪಣೆಯನ್ನೂ ಕೇಳದೆ ಬಳಸಬಹುದಾದ ಹಿನ್ನೆಲೆ ಅವರಿಗೆ ದೊರೆಯುತ್ತದೆ. ನಗರ ಬೆಳೆಯುತ್ತಿರುವ ವೇಗವನ್ನು ನೋಡಿದರೆ, ಇಪ್ಪತ್ತು ವರ್ಷಗಳ ಮೇಲೆ ಆ ಚಿತ್ರಕ್ಕೆ ಬೇರೆಯೇ ಬೆಲೆ ಬಂದೀತು.

ಭಾಗವಹಿಸುವವನಿಗೆ ಚಿತ್ರದೊಳಗೆ ಕೆಲಸವನ್ನೂ ಕೊಡಬೇಕು. ಸುಮ್ಮನೆ ನಿಲ್ಲುವುದಾದರೆ ಜಾತ್ರೆಯ ಪರದೆಗೂ ಇದಕ್ಕೂ ಭೇದವೇನು? ಇದಕ್ಕೆ ಮುಸುಕೇ ನೆರವಾಗುತ್ತದೆ. ಮನುಷ್ಯನ ಆಕಾರ ಎಲ್ಲಿದೆಯೆಂಬುದು ಯಂತ್ರಕ್ಕೆ ತಿಳಿದೇ ಇದೆ. ದೃಶ್ಯದ ಬಾಗಿಲಿನ ಸುತ್ತ ಒಂದು ಚೌಕವನ್ನು ಗುರುತಿಸಿ, ಆ ಚೌಕದೊಳಗಿನ ಬಿಂದುಗಳಲ್ಲಿ ಐದರಲ್ಲೊಂದು ಪಾಲು ಮನುಷ್ಯನದಾದಾಗ ಮುಂದಿನ ದೃಶ್ಯವನ್ನು ತೆರೆ ಎಂದು ಆಜ್ಞೆಯಿತ್ತರೆ ಸಾಕು. ಹುಡುಗಿ ಕೈಚಾಚಿ ಇಲ್ಲದ ಬಾಗಿಲನ್ನು ಮುಟ್ಟುತ್ತಾಳೆ. ತೆರೆಯಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಸೆಕೆಂಡಿಗೆ 25 ಚೌಕಟ್ಟಾದರೆ ಒಂದೊಂದಕ್ಕೆ ಸೆಕೆಂಡಿನ 25ನೆಯ ಒಂದು ಭಾಗ. ಕ್ಯಾಮರಾ, ಯಂತ್ರ, ಟೆಲಿವಿಷನ್ ಇವು ಸೇರಿ ನಾಲ್ಕೈದು ಚೌಕಟ್ಟುಗಳಷ್ಟು ತಡಮಾಡಿದರೆ, ಎತ್ತಿದ ಕೈ ತಡವಾಗಿ ಏಳುವಂತೆ ಕಂಡು ಆಡುವವನು ತಬ್ಬಿಬ್ಬಾಗುತ್ತಾನೆ. ಕನ್ನಡಿಗೆ ಒಗ್ಗಿದ ಕಣ್ಣಿಗಾಗಿ ಎದುರಿನ ಟೆಲಿವಿಷನ್ನಿನಲ್ಲಿ ಬಿಂಬವನ್ನು ಎಡಬಲ ತಿರುಗಿಸಿ ತೋರಿಸಬೇಕು. ಇಲ್ಲದಿದ್ದರೆ ಬಾಗಿಲು ಎಡಕ್ಕಿದ್ದಾಗ ಮಕ್ಕಳು ಬಲಕ್ಕೆ ನಡೆಯುವರು. ಸಭೆಯವರು ನೋಡುವ ತೆರೆಯಲ್ಲಿ ಮಾತ್ರ ಬಿಂಬ ನೇರವಾಗಿರಬೇಕು.

ನೀಲಿ ತೆರೆಯ ಮುಂದೆ ನಿಂತವನಿಗೆ ಸುತ್ತಲೂ ಏನೂ ಇರುವುದಿಲ್ಲ. ಬಾಗಿಲು, ಬೆಟ್ಟ, ಎದುರಾಳಿ ಎಲ್ಲವನ್ನೂ ಅವನು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳಬೇಕು. ಸಾಬು ಜಿನ್ನಿಯನ್ನು ಕತ್ತೆತ್ತಿ ನೋಡಿದಾಗ, ಎಷ್ಟೋ ಹೊಡೆತಗಳಲ್ಲಿ ಅವನೆದುರು ಯಾರೂ ಇರಲಿಲ್ಲ. ಇದ್ದಾರೆಂದು ಅವನು ನಂಬಿದುದರಿಂದಲೇ ಲೋಕವೂ ನಂಬಿತು. ತಂತ್ರ ಎಷ್ಟೇ ಮುಂದುವರಿದರೂ ಈ ಭಾಗವನ್ನು ಮನುಷ್ಯನೇ ಮಾಡಬೇಕು. ಯಕ್ಷಗಾನದ ಬರಿಯ ರಂಗಸ್ಥಳದಲ್ಲಿ ಕುಣಿದು ಕಾಡು, ಕಡಲು, ಸ್ವರ್ಗಗಳನ್ನು ತೋರಿಸುವ ಕಲಾವಿದರಿಗೆ ಈ ವಿದ್ಯೆ ಹೊಸದೇನೂ ಅಲ್ಲ.

ಆದರೆ ಈ ತಂತ್ರದಲ್ಲಿ ಗಂಭೀರವಾದ ಪ್ರಶ್ನೆಯೊಂದು ಅಡಗಿದೆ. ಯಾರನ್ನು ಬೇಕಾದರೂ ಎಲ್ಲಿ ಬೇಕಾದರೂ ನಿಲ್ಲಿಸಬಹುದಾದಾಗ, ನಿಲ್ಲಿಸುವ ಅಧಿಕಾರ ಯಾರದು? 1994ರ ‘ಫಾರೆಸ್ಟ್ ಗಂಪ್’ ಚಿತ್ರದಲ್ಲಿ ನಟ ಟಾಮ್ ಹ್ಯಾಂಕ್ಸ್, 1963ರಲ್ಲಿಯೇ ತೀರಿಕೊಂಡಿದ್ದ ಅಧ್ಯಕ್ಷ ಕೆನಡಿಯವರ ಕೈಕುಲುಕಿದನು. ಕನ್ನಡದ ನಟ ವಿಷ್ಣುವರ್ಧನರು 2009ರ ಡಿಸೆಂಬರ್ 30ರಂದು ನಿಧನರಾದರು. 2016ರಲ್ಲಿ ಬಿಡುಗಡೆಯಾದ ‘ನಾಗರಹಾವು’ ಚಿತ್ರದಲ್ಲಿ ಗಣಕಯಂತ್ರದ ಮೂಲಕ ಅವರ ರೂಪವನ್ನು ಮತ್ತೆ ತೆರೆಗೆ ತರಲಾಯಿತು. ಅಭಿಮಾನಿಗಳಿಗೆ ಅದು ಕಣ್ಣೀರು ತರಿಸಿದ ಸಂತೋಷ. ಆದರೂ ಅಗಲಿದವರು ತಮ್ಮ ಪಾತ್ರವನ್ನು ತಾವು ಒಪ್ಪಲಾರರು, ಒಲ್ಲೆನೆಂದು ಹೇಳಲೂ ಆರರು. ಈಗಂತೂ ನೀಲಿ ತೆರೆಯೂ ಬೇಡ. ಬದುಕಿರುವವರ ಮುಖವನ್ನು ಅವರಿಗೆ ತಿಳಿಯದಂತೆ ಬೇರೊಂದು ದೃಶ್ಯಕ್ಕೆ ಅಂಟಿಸಿ, ಆಡದ ಮಾತನ್ನು ಆಡಿಸಿ, ಮಾನ ಕಳೆಯುವವರೂ ಹುಟ್ಟಿಕೊಂಡಿದ್ದಾರೆ.

ಸಾಬುವಿನ ಬದುಕೂ ಈ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಮುಂದಿಡುತ್ತದೆ. ಕಾರಾಪುರದ ಮಾವುತನ ಮಗ ತೆರೆಯ ಮೇಲೆ ಅರಬ್ಬೀ ಕಥೆಗಳ ಕಳ್ಳನಾದನು, ಕಾಡಿನ ಮೌಗ್ಲಿಯಾದನು. 1944ರಲ್ಲಿ ಅಮೆರಿಕದ ಪೌರನಾಗಿ, ಅಲ್ಲಿನ ವಾಯುಸೇನೆಯಲ್ಲಿ ಸೇವೆ ಸಲ್ಲಿಸಿ ಪದಕ ಪಡೆದನು. ಯುದ್ಧದಲ್ಲಿ ಅಷ್ಟು ಧೈರ್ಯ ತೋರಿದವನಿಗೂ ಚಿತ್ರಗಳಲ್ಲಿ ಮೊದಲಿನಂಥ ಪಾತ್ರಗಳು ಮತ್ತೆ ದೊರೆಯಲಿಲ್ಲ. 1963ರಲ್ಲಿ, 39ನೆಯ ವಯಸ್ಸಿನಲ್ಲಿ, ಅವನು ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡನು. ಹಿನ್ನೆಲೆಯನ್ನು ಯಾವಾಗಲೂ ಇತರರೇ ಆರಿಸಿದರು. ಅವನು ಅದರ ಮುಂದೆ ನಿಂತನು. ಅವನು ಹುಟ್ಟಿದ ನಾಡಿನ ಮಕ್ಕಳು ಇಂದು ತಮ್ಮ ಹಿನ್ನೆಲೆಯನ್ನು ತಾವೇ ಆರಿಸಿಕೊಳ್ಳಬಲ್ಲರೆಂಬುದು ಸಣ್ಣ ಬದಲಾವಣೆಯಲ್ಲ.

ಆದುದರಿಂದ ಇಂಥ ಏರ್ಪಾಡನ್ನು ಕಟ್ಟುವವರು ಕೆಲವು ನಿಯಮಗಳನ್ನು ಪಾಲಿಸಬೇಕು. ಭಾಗವಹಿಸುವವರಿಗೆ ಯಾವ ದೃಶ್ಯದಲ್ಲಿ ಸೇರುವರೆಂಬುದನ್ನು ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕು. ದಾಖಲಿಸಿದ ಚಿತ್ರವನ್ನು ಅವರಿಗೆ ಕೊಟ್ಟ ಬಳಿಕ, ಅವರು ಬೇಡವೆಂದರೆ ಅಳಿಸಿಬಿಡಬೇಕು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು ಹದಿನೆಂಟು ತುಂಬದವರ ವಿಷಯದಲ್ಲಿ ತಂದೆತಾಯಿಯರ ಸಮ್ಮತಿಯನ್ನು ಬಯಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತೆರೆಯ ಒಂದು ಬದಿಯನ್ನು ಪ್ರೇಕ್ಷಕರಿಗೆ ತೆರೆದೇ ಇಡಬೇಕು. ನೀಲಿ ಬಟ್ಟೆ, ದೀಪ, ಕ್ಯಾಮರಾಗಳನ್ನು ಒಂದು ಕಣ್ಣಿನಿಂದಲೂ, ಕೂಡಿದ ಚಿತ್ರವನ್ನು ಇನ್ನೊಂದು ಕಣ್ಣಿನಿಂದಲೂ ನೋಡುವಂತಿರಬೇಕು. ಗುಟ್ಟನ್ನು ಬಚ್ಚಿಟ್ಟರೆ ಅದು ಕಣ್ಕಟ್ಟು. ಬಿಚ್ಚಿಟ್ಟರೆ ಅದು ವಿದ್ಯೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಕನ್ನಡದ ಹಿರಿಯರು ಹೇಳಿದ್ದಾರೆ. ಚಿತ್ರವೊಂದನ್ನು ಕಂಡೊಡನೆ ನಂಬಿ ಕೋಪಗೊಳ್ಳುವ, ನಂಬಿ ನಿಂದಿಸುವ ಈ ಕಾಲದಲ್ಲಿ ಆ ಮಾತಿಗೆ ಹೊಸ ಅರ್ಥ ಬಂದಿದೆ. ತನ್ನ ಬಿಂಬವನ್ನು ತಾನು ಹೋಗದ ಬೆಟ್ಟದ ಮೇಲೆ ಒಮ್ಮೆ ಕಂಡ ಮಗು, ಮುಂದೆ ಯಾವ ಚಿತ್ರವನ್ನು ಕಂಡರೂ, ಇದರ ಬೆಳಕು ಯಾವ ಕಡೆಯಿಂದ ಬಂದಿದೆ, ಇದರ ಅಂಚು ಹೇಗಿದೆ, ಇದನ್ನು ಕೂಡಿಸಿದವರು ಯಾರು ಎಂದು ಕೇಳುತ್ತದೆ. ನೀಲಿ ಬಟ್ಟೆಯ ಮುಂದೆ ಕಳೆದ ಐದು ನಿಮಿಷಗಳ ಆಟದಿಂದ ಇಷ್ಟು ವಿವೇಕ ದೊರೆಯುವುದಾದರೆ ಆ ಆಟ ಸಾರ್ಥಕ.